ಕಾಲಂಗಳ ನಡುವಿನ ನಂಟು ಹುಡುಕಲು ಯಾವುದು ಸರಿ: ಇರುವ ಲ್ಯಾಪ್‌ಟಾಪಾ, ಸ್ಪಾರ್ಕಾ, ಡಾಸ್ಕಾ?

ದೊಡ್ಡದೊಂದು ಟೇಬಲ್ ಕೈಗೆ ಬಂದಿದೆ. ಇಪ್ಪತ್ತೋ ಇನ್ನೂರೋ ಕಾಲಂ, ಕೋಟಿಗಟ್ಟಲೆ ಸಾಲು. ಯಾವ ಕಾಲಂ ಯಾವುದರ ಮೇಲೆ ನಿಂತಿದೆ, ಯಾವೆರಡು ಜೊತೆಯಾಗಿ ಏರಿಳಿಯುತ್ತವೆ, ಯಾವ ಟೇಬಲ್ ಯಾವುದಕ್ಕೆ ಕೂಡುತ್ತದೆ ಅಂತ ಹೇಳುವ ದಾಖಲೆ ಮಾತ್ರ ಇಲ್ಲ. ಇಂಥ ಹೊತ್ತಿನಲ್ಲಿ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡಿಸುವ ಸ್ಪಾರ್ಕ್ ಕಲಿಯಲೇಬೇಕಾ? ಪೈಥಾನ್ ಗೊತ್ತಿದೆ, ಅದರಲ್ಲೇ ಇಂಥ ಕೆಲಸ ಮಾಡಿಸುವ ಡಾಸ್ಕ್ ಸಾಕಾಗಲ್ವಾ? ಕ್ಲಸ್ಟರ್‌ಗೆ, ಅಂದರೆ ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪಿಗೆ, ದುಡ್ಡು ಹಾಕಬೇಕಾ, ಇರುವ ಲ್ಯಾಪ್‌ಟಾಪಿನಲ್ಲೇ ಆಗುತ್ತಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೂಲ್ ಯಾವುದು ಅನ್ನುವ ಮುಂಚೆ, ನೀವು ಹುಡುಕುವ ಸಂಬಂಧ ಯಾವ ಬಗೆಯದು ಅಂತ ತೀರ್ಮಾನಿಸಿ. ಕೆಲವು ಸಂಬಂಧಗಳ ಲೆಕ್ಕವನ್ನು ನೂರು ಯಂತ್ರಗಳಿಗೆ ಹಂಚಿದರೆ ಅಷ್ಟೂ ಯಂತ್ರಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಇನ್ನು ಕೆಲವಕ್ಕೆ ಎಷ್ಟು ಯಂತ್ರ ಸೇರಿಸಿದರೂ ಗೋಡೆ ಕದಲುವುದಿಲ್ಲ. ಈ ವ್ಯತ್ಯಾಸ ಗೊತ್ತಾದರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಕರಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಉದಾಹರಣೆ ಹಿಡಿದುಕೊಳ್ಳೋಣ. ನ್ಯೂಯಾರ್ಕ್ ನಗರದ ಹಳದಿ ಟ್ಯಾಕ್ಸಿ ಡೇಟಾ. ಅಲ್ಲಿನ ಟ್ಯಾಕ್ಸಿ ಮತ್ತು ಲಿಮೊಸಿನ್ ಆಯೋಗ 2009ರಿಂದ ಈಚಿನ ಪ್ರತಿ ಸವಾರಿಯ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. 2019 ಒಂದೇ ವರ್ಷದಲ್ಲಿ 8 ಕೋಟಿಗೂ ಹೆಚ್ಚು ಸವಾರಿಗಳಿವೆ. ಫೈಲುಗಳು ಪಾರ್ಕೆಟ್ (ಡೇಟಾವನ್ನು ಕಾಲಂ ಪ್ರಕಾರ ಜೋಡಿಸಿಡುವ) ರೂಪದಲ್ಲಿವೆ, 19 ಕಾಲಂ: ಹತ್ತಿದ ಸಮಯ, ಇಳಿದ ಸಮಯ, ದೂರ, ದರದ ಕೋಡ್, ಹತ್ತಿದ ವಲಯ, ಇಳಿದ ವಲಯ, ಹಣ ಕೊಟ್ಟ ರೀತಿ, ಬಾಡಿಗೆ, ಟಿಪ್ಸ್, ಟೋಲ್, ಒಟ್ಟು ಮೊತ್ತ ಹೀಗೆ. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು.

ಸಂಬಂಧ ಅಂದರೆ ಯಾವ ಸಂಬಂಧ?

ಮೊದಲನೆಯದು ಕೋರಿಲೇಶನ್. ದೂರ ಹೆಚ್ಚಾದರೆ ಬಾಡಿಗೆ ಹೆಚ್ಚಾಗುತ್ತದಾ? ಎರಡು ಸಂಖ್ಯೆಗಳು ಜೊತೆಗೆ ಹೋಗುತ್ತವಾ? ಇಷ್ಟೇ ಪ್ರಶ್ನೆ.

ಎರಡನೆಯದು ಫಂಕ್ಷನಲ್ ಡಿಪೆಂಡೆನ್ಸಿ. ಒಂದು ಕಾಲಂ ಗೊತ್ತಿದ್ದರೆ ಇನ್ನೊಂದು ತಾನಾಗಿಯೇ ಗೊತ್ತಾಗಬೇಕು, ಒಂದು ಸಾಲಿನಲ್ಲೂ ತಪ್ಪಬಾರದು. ಟ್ಯಾಕ್ಸಿ ವಲಯಗಳ ಪಟ್ಟಿಯಲ್ಲಿ 265 ಸಾಲುಗಳಿವೆ. ವಲಯದ ಸಂಖ್ಯೆ ಕೊಟ್ಟರೆ ಅದರ ಹೆಸರು, ಅದು ಸೇರಿದ ಬರೋ (ನಗರದ ದೊಡ್ಡ ವಿಭಾಗ) ಎರಡೂ ಸಿಗುತ್ತವೆ. ಆದರೆ ಹೆಸರು ಕೊಟ್ಟರೆ ಸಂಖ್ಯೆ ಸಿಗುತ್ತದೆ ಅನ್ನುವ ಹಾಗಿಲ್ಲ. 56 ಮತ್ತು 57 ಎರಡಕ್ಕೂ ಕರೋನಾ (ಅಲ್ಲಿನ ಒಂದು ಬಡಾವಣೆ) ಅನ್ನುವುದೇ ಹೆಸರು. ಈ ಸಂಬಂಧಕ್ಕೆ ದಿಕ್ಕು ಇದೆ, ಕೋರಿಲೇಶನ್‌ಗೆ ಇಲ್ಲ.

ಮೂರನೆಯದು ಇನ್‌ಕ್ಲೂಷನ್ ಡಿಪೆಂಡೆನ್ಸಿ. ಒಂದು ಕಾಲಂನ ಎಲ್ಲ ಮೌಲ್ಯಗಳೂ ಇನ್ನೊಂದು ಕಾಲಂನಲ್ಲಿ ಇವೆಯಾ? ಸವಾರಿ ಟೇಬಲ್‌ನ ಹತ್ತಿದ ವಲಯಗಳೆಲ್ಲ ವಲಯ ಪಟ್ಟಿಯಲ್ಲಿ ಇದ್ದರೆ ಅವೆರಡನ್ನು ಜೋಡಿಸಬಹುದು. ಯಾವ ಟೇಬಲ್‌ಗೆ ಯಾವುದು ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ) ಅಂತ ಪತ್ತೆ ಹಚ್ಚುವುದು ಹೀಗೆ.

ನಾಲ್ಕನೆಯದು ಅಸೋಸಿಯೇಶನ್ ರೂಲ್. ಇಡೀ ಕಾಲಂ ಬಗ್ಗೆ ಮಾತಿಲ್ಲ, ನಿರ್ದಿಷ್ಟ ಮೌಲ್ಯಗಳ ಬಗ್ಗೆ ಮಾತ್ರ. ದರದ ಕೋಡ್ 2 ಅಂದರೆ ಮ್ಯಾನ್‌ಹಟನ್ ಮತ್ತು ಜೆಎಫ್‌ಕೆ ವಿಮಾನ ನಿಲ್ದಾಣದ ನಡುವಿನ ನಿಗದಿತ ದರ. 2019ರಲ್ಲಿ ಅದು 52 ಡಾಲರ್ ಇತ್ತು. ಹಾಗಾಗಿ "ಕೋಡ್ 2 ಆದರೆ ಬಾಡಿಗೆ 52" ಅನ್ನುವ ನಿಯಮ ಗಟ್ಟಿಯಾಗಿ ಕಾಣಿಸುತ್ತದೆ. ಕೋಡ್ 1, ಅಂದರೆ ಸಾಮಾನ್ಯ ಮೀಟರ್ ದರ, ಇದ್ದಾಗ ಬಾಡಿಗೆ ಏನು ಬೇಕಾದರೂ ಆಗಬಹುದು. ಆದ್ದರಿಂದ ದರದ ಕೋಡ್‌ನಿಂದ ಬಾಡಿಗೆ ತಿಳಿಯುತ್ತದೆ ಅನ್ನುವ ಫಂಕ್ಷನಲ್ ಡಿಪೆಂಡೆನ್ಸಿ ಇಲ್ಲ. ಆದರೂ ಒಳಗೆ ಒಂದು ನಿಜವಾದ ನಿಯಮ ಅಡಗಿದೆ. ಎರಡನೆಯ ಬಗೆಯ ಟೂಲ್ ಇದನ್ನು ಪೂರ್ತಿ ತಪ್ಪಿಸುತ್ತದೆ, ನಾಲ್ಕನೆಯದು ಹಿಡಿಯುತ್ತದೆ.

ಅಳೆಯುವುದು ಯಾವುದರಿಂದ

ಹೆಚ್ಚಿನವರು ಡೇಟಾದ ಗಾತ್ರ ನೋಡಿ ಟೂಲ್ ಆರಿಸುತ್ತಾರೆ. ನಾನು ಮೊದಲು ನೋಡುವುದು ಕಾಲಂಗಳ ಸಂಖ್ಯೆ. ಕೋರಿಲೇಶನ್‌ಗೆ ಜೋಡಿಗಳನ್ನು ನೋಡಿದರೆ ಸಾಕು. 200 ಕಾಲಂ ಇದ್ದರೂ 19,900 ಜೋಡಿ, ಇದು ದೊಡ್ಡ ವಿಷಯವಲ್ಲ. ಫಂಕ್ಷನಲ್ ಡಿಪೆಂಡೆನ್ಸಿ ಕಥೆಯೇ ಬೇರೆ. ಅಲ್ಲಿ ಎಡಗಡೆ ಒಂದೇ ಕಾಲಂ ಇರಬೇಕಿಲ್ಲ. ಎರಡು, ಮೂರು, ಹತ್ತು ಕಾಲಂ ಸೇರಿ ಒಂದನ್ನು ನಿರ್ಧರಿಸಬಹುದು. 10 ಕಾಲಂಗೆ 5,120 ಸಾಧ್ಯತೆಗಳು. ಟ್ಯಾಕ್ಸಿಯ 19 ಕಾಲಂಗೆ ಸುಮಾರು 50 ಲಕ್ಷ. 2025ರ ಜನವರಿಯಲ್ಲಿ ಮ್ಯಾನ್‌ಹಟನ್‌ನ ದಕ್ಷಿಣ ಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಶುರುವಾದಾಗ ಈ ಡೇಟಾಗೆ ಒಂದು ಹೊಸ ಕಾಲಂ ಸೇರಿತು. ಆ ಒಂದರಿಂದಲೇ ಸಾಧ್ಯತೆಗಳು 1 ಕೋಟಿ ದಾಟಿದವು. 30 ಕಾಲಂ ಆದರೆ 1,610 ಕೋಟಿ.

ಇದರ ಅರ್ಥ ಏನು? ಒಂದು ಕಾಲಂ ಸೇರಿದರೆ ಕೆಲಸ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಅಂದರೆ ಯಂತ್ರಗಳನ್ನು ದುಪ್ಪಟ್ಟು ಮಾಡಿದರೆ ನಿಮಗೆ ಸಿಗುವುದು ಹೆಚ್ಚೆಂದರೆ ಒಂದು ಕಾಲಂನಷ್ಟು ಜಾಗ. 16 ಯಂತ್ರ ಬಾಡಿಗೆಗೆ ಹಿಡಿದರೆ ನಾಲ್ಕು ಕಾಲಂ ಕೂಡ ಪೂರ್ತಿ ಗೆದ್ದಂತಲ್ಲ. ಕ್ಲಸ್ಟರ್ ಕೊಳ್ಳುವ ಮುಂಚೆ ಪ್ರತಿಯೊಬ್ಬರೂ ಈ ಲೆಕ್ಕ ಒಮ್ಮೆ ಹಾಳೆಯ ಮೇಲೆ ಹಾಕಿ ನೋಡಬೇಕು ಅನ್ನುವುದು ನನ್ನ ಕಳಕಳಿ.

ಎರಡನೆಯ ಅಳತೆ, ಯಂತ್ರಗಳು ತಮ್ಮತಮ್ಮಲ್ಲಿ ಎಷ್ಟು ಮಾತಾಡಬೇಕು ಅನ್ನುವುದು. ಪಿಯರ್ಸನ್ ಕೋರಿಲೇಶನ್ ಈ ವಿಷಯದಲ್ಲಿ ತುಂಬ ಒಳ್ಳೆಯದು. ಪ್ರತಿ ಯಂತ್ರ ತನ್ನ ಪಾಲಿನ ಸಾಲುಗಳಲ್ಲಿ ಕೆಲವು ಮೊತ್ತಗಳನ್ನು ಮಾತ್ರ ಲೆಕ್ಕ ಹಾಕುತ್ತದೆ: ಎಷ್ಟು ಸಾಲು, ಎರಡು ಕಾಲಂಗಳ ಮೊತ್ತ, ವರ್ಗಗಳ ಮೊತ್ತ, ಗುಣಲಬ್ಧದ ಮೊತ್ತ. ಕೊನೆಯಲ್ಲಿ ಆ ನಾಲ್ಕಾರು ಅಂಕಿಗಳನ್ನು ಕೂಡಿದರೆ ಮುಗಿಯಿತು. ಕೋಟಿ ಸಾಲಿದ್ದರೂ ನೆಟ್‌ವರ್ಕ್ ಮೇಲೆ ಓಡುವುದು ಚಿಟಿಕೆಯಷ್ಟು. ಸ್ಪಿಯರ್‌ಮನ್ ಕೋರಿಲೇಶನ್‌ಗೆ ಹಾಗಾಗುವುದಿಲ್ಲ. ಅದಕ್ಕೆ ಪ್ರತಿ ಮೌಲ್ಯದ ಸ್ಥಾನ ಇಡೀ ಡೇಟಾದಲ್ಲಿ ಎಷ್ಟನೆಯದು ಅಂತ ಗೊತ್ತಿರಬೇಕು, ಅಂದರೆ ಪ್ರತಿ ಕಾಲಂ ಅನ್ನೂ ಎಲ್ಲ ಯಂತ್ರಗಳ ಮಧ್ಯೆ ವಿಂಗಡಿಸಬೇಕು. ಹೀಗೆ ಡೇಟಾವನ್ನು ಯಂತ್ರದಿಂದ ಯಂತ್ರಕ್ಕೆ ಮರುಹಂಚುವುದಕ್ಕೆ ಶಫಲ್ ಅನ್ನುತ್ತಾರೆ. ಬೇರೆಬೇರೆ ಡಬ್ಬಗಳಿಂದ ಬಂದ ಕಾಗದಗಳನ್ನು ಪಿನ್ ಕೋಡ್ ನೋಡಿ ಒಂದೊಂದು ಚೀಲಕ್ಕೆ ಹಾಕಿದಂತೆ, ಒಂದೇ ಮೌಲ್ಯದ ಸಾಲುಗಳೆಲ್ಲ ಒಂದೇ ಯಂತ್ರಕ್ಕೆ ಬಂದು ಸೇರಬೇಕು. ದುಡ್ಡು ಮತ್ತು ಸಮಯ ಜಾಸ್ತಿ ಖರ್ಚಾಗುವುದು ಇಲ್ಲೇ.

ಮೂರನೆಯದು, ಉತ್ತರ ಎಷ್ಟು ಖಚಿತವಾಗಿರಬೇಕು. ಇದಕ್ಕೆ ಮುಂದೆ ಬರುತ್ತೇನೆ. ನಾಲ್ಕನೆಯದು ದುಡ್ಡು, ಅದರ ಜೊತೆಗೆ ಅದನ್ನು ನಡೆಸುವ ಮನುಷ್ಯರ ಸಮಯ. ಚಿಕ್ಕ ತಂಡದಲ್ಲಿ ಕ್ಲಸ್ಟರ್ ಬಾಡಿಗೆಗಿಂತ ಅದನ್ನು ಸಂಭಾಳಿಸುವ ಇಂಜಿನಿಯರ್ ಸಮಯವೇ ದುಬಾರಿ.

ಒಂದೇ ಯಂತ್ರ: ಜನ ಅಂದುಕೊಂಡಿದ್ದಕ್ಕಿಂತ ದೂರ ಹೋಗುತ್ತದೆ

ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ, ಒಂದೇ ಯಂತ್ರದಲ್ಲಿ ಓಡುವ ಡೇಟಾಬೇಸ್ ಡಕ್‌ಡಿಬಿ ಬಂದ ಮೇಲೆ ಚಿತ್ರ ಬದಲಾಗಿದೆ. ಅದು ಪಾರ್ಕೆಟ್ ಫೈಲನ್ನು ನೇರವಾಗಿ ಓದುತ್ತದೆ, ಬೇಕಾದ ಕಾಲಂ ಮಾತ್ರ ಓದುತ್ತದೆ, ಲ್ಯಾಪ್‌ಟಾಪಿನ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ, ಮೆಮೊರಿ ಸಾಲದಿದ್ದರೆ ಡಿಸ್ಕ್‌ಗೆ ಇಳಿಸಿಕೊಳ್ಳುತ್ತದೆ. ಟ್ಯಾಕ್ಸಿಯ ಒಂದು ವರ್ಷದ ಡೇಟಾಗೆ ಕ್ಲಸ್ಟರ್ ಬೇಡವೇ ಬೇಡ. 16 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಒಂದು ಡಿಪೆಂಡೆನ್ಸಿಯನ್ನು ಪರೀಕ್ಷಿಸುವುದು ಎರಡು ಎಣಿಕೆಯ ಕೆಲಸ. ಎ ಕಾಲಂನಲ್ಲಿ ಬೇರೆಬೇರೆ ಮೌಲ್ಯ ಎಷ್ಟಿವೆ ಎಣಿಸಿ. ಎ ಮತ್ತು ಬಿ ಸೇರಿದ ಜೋಡಿಗಳು ಬೇರೆಬೇರೆ ಎಷ್ಟಿವೆ ಎಣಿಸಿ. ಎರಡೂ ಸಮ ಬಂದರೆ ಎ ಇಂದ ಬಿ ಸಿಗುತ್ತದೆ. ಎರಡನೆಯದು ಜಾಸ್ತಿ ಬಂದರೆ ಸಿಗುವುದಿಲ್ಲ. ಖಾಲಿ ಮೌಲ್ಯಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ, ಬೇರೆಬೇರೆ ಮೌಲ್ಯ ಎಣಿಸುವ ಕೌಂಟ್ ಡಿಸ್ಟಿಂಕ್ಟ್ ಅವನ್ನು ಎಣಿಸದೆ ಬಿಡುತ್ತದೆ, ಲೆಕ್ಕ ಸದ್ದಿಲ್ಲದೆ ತಪ್ಪುತ್ತದೆ.

ಎಲ್ಲ ಡಿಪೆಂಡೆನ್ಸಿಗಳನ್ನೂ ತಾನಾಗಿ ಹುಡುಕಿಕೊಡುವ ಟೂಲ್‌ಗಳೂ ಒಂದೇ ಯಂತ್ರದಲ್ಲಿ ಓಡುತ್ತವೆ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಹಾಸೊ ಪ್ಲಾಟ್ನರ್ ಸಂಸ್ಥೆಯ ಮೆಟಾನೋಮ್ ಜಾವಾದಲ್ಲಿದೆ. ಡೆಸ್ಬೋರ್ಡಾಂಟೆ ಸಿ ಪ್ಲಸ್ ಪ್ಲಸ್‌ನಲ್ಲಿದ್ದು ಪೈಥಾನ್‌ನಿಂದ ಪಿಪ್ ಮೂಲಕ ಹಾಕಿಕೊಳ್ಳಬಹುದು. ಇವುಗಳೊಳಗೆ ಹಲವು ಅಲ್ಗಾರಿದಂ ಇವೆ. ಆಯ್ಕೆ ಮಾಡುವಾಗ ಅವುಗಳ ಸ್ವಭಾವ ಗೊತ್ತಿರಬೇಕು. 1999ರ ಟೇನ್, ಹೆಲ್ಸಿಂಕಿಯವರು ಮಾಡಿದ್ದು, ಕಾಲಂಗಳ ಗುಂಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಹಂತಹಂತವಾಗಿ ನೋಡುತ್ತದೆ. ಸಾಲು ಜಾಸ್ತಿ, ಕಾಲಂ ಕಡಿಮೆ ಇದ್ದಾಗ ಚೆನ್ನ. ಕಾಲಂ ಜಾಸ್ತಿಯಾದರೆ ಮೆಮೊರಿ ನುಂಗುತ್ತದೆ. ಎಫ್‌ಡೆಪ್ ಇದಕ್ಕೆ ತದ್ವಿರುದ್ಧ. ಸಾಲುಗಳನ್ನು ಜೋಡಿಜೋಡಿಯಾಗಿ ಹೋಲಿಸಿ ಯಾವುದು ಮುರಿಯುತ್ತದೆ ಅಂತ ಕಂಡುಕೊಳ್ಳುತ್ತದೆ. ಕಾಲಂ ನೂರಿದ್ದರೂ ತಡೆದುಕೊಳ್ಳುತ್ತದೆ. ಆದರೆ 1 ಲಕ್ಷ ಸಾಲಿಗೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ, ಅಲ್ಲಿಗೆ ಅದರ ದಮ್ಮು ಮುಗಿಯಿತು. 2016ರ ಹೈಎಫ್‌ಡಿ ಎರಡನ್ನೂ ಬೆರೆಸುತ್ತದೆ. ಕೆಲವು ಸಾಲು ಹೋಲಿಸಿ ಬಹಳಷ್ಟನ್ನು ತಳ್ಳಿಹಾಕುತ್ತದೆ, ಉಳಿದದ್ದನ್ನು ಪೂರ್ತಿ ಡೇಟಾ ಮೇಲೆ ಪರೀಕ್ಷಿಸುತ್ತದೆ, ಎಲ್ಲಿ ನಿಧಾನವಾಯಿತೋ ಅಲ್ಲಿ ಮತ್ತೆ ವಿಧಾನ ಬದಲಿಸುತ್ತದೆ. ಯಾವುದು ಆರಿಸಬೇಕು ಗೊತ್ತಾಗದಿದ್ದರೆ ಇದರಿಂದ ಶುರು ಮಾಡಿ.

ಇಲ್ಲೇ ಇನ್ನೊಂದು ಮಾತು. ಎಡಗಡೆ ಹೆಚ್ಚೆಂದರೆ ಮೂರು ಕಾಲಂ ಅಂತ ಮಿತಿ ಹಾಕಿ. ಟ್ಯಾಕ್ಸಿಯ 50 ಲಕ್ಷ ಸಾಧ್ಯತೆಗಳು 18,772ಕ್ಕೆ ಇಳಿಯುತ್ತವೆ. ಏಳು ಕಾಲಂ ಸೇರಿ ಎಂಟನೆಯದನ್ನು ನಿರ್ಧರಿಸುತ್ತವೆ ಅನ್ನುವ ನಿಯಮ ಸಿಕ್ಕರೂ ಅದು ಹೆಚ್ಚಾಗಿ ಆ ಡೇಟಾದ ಆಕಸ್ಮಿಕ. ಮನುಷ್ಯರು ಓದಿ ಬಳಸುವಂಥ ನಿಯಮಗಳು ಚಿಕ್ಕವು. ಇಷ್ಟು ದೊಡ್ಡ ಉಳಿತಾಯ ಯಾವ ಕ್ಲಸ್ಟರ್ ಕೂಡ ಕೊಡುವುದಿಲ್ಲ.

ನಮ್ಮ ಕಡೆಯ ಡೇಟಾ ಇದ್ದರೆ ಮೊದಲೇ ಗೊತ್ತಿರುವ ಸಂಬಂಧಗಳನ್ನು ತೆಗೆದುಹಾಕಿ. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಹಾಗಾಗಿ ಜಿಎಸ್‌ಟಿ ಸಂಖ್ಯೆ ಇದ್ದರೆ ಪ್ಯಾನ್ ಮತ್ತು ರಾಜ್ಯದ ಕಾಲಂಗಳನ್ನು ಹುಡುಕಾಟಕ್ಕೆ ಸೇರಿಸುವುದು ಸುಮ್ನೆ ದಂಡ. ಪ್ಯಾನ್‌ನಿಂದ ಜಿಎಸ್‌ಟಿ ಸಂಖ್ಯೆ ಮಾತ್ರ ಸಿಗುವುದಿಲ್ಲ, ಒಂದೇ ಪ್ಯಾನ್‌ಗೆ ಹಲವು ರಾಜ್ಯಗಳಲ್ಲಿ ನೋಂದಣಿ ಇರಬಹುದು. ಐಎಫ್‌ಎಸ್‌ಸಿ ಕೋಡ್‌ನ ಮೊದಲ ನಾಲ್ಕು ಅಕ್ಷರ ಬ್ಯಾಂಕ್ ಯಾವುದೆಂದು ಹೇಳುತ್ತದೆ. ಇಂಥ ಎರಡು ಕಾಲಂ ತೆಗೆದರೆ ಹುಡುಕಾಟ ಕಾಲು ಭಾಗಕ್ಕೆ ಇಳಿಯುತ್ತದೆ.

ಸ್ಪಾರ್ಕ್: ಎಲ್ಲಿ ಹಣಕ್ಕೆ ತಕ್ಕ ಬೆಲೆ ಸಿಗುತ್ತದೆ

2009ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಸ್ಪಾರ್ಕ್ ಈ ಕೆಲಸಕ್ಕೆ ಹೊಂದಿಕೊಂಡಿದ್ದಕ್ಕೆ ಕಾರಣ ಇದೆ. ಸಂಬಂಧ ಹುಡುಕುವ ಅಲ್ಗಾರಿದಂಗಳು ಒಂದೇ ಡೇಟಾವನ್ನು ಮತ್ತೆಮತ್ತೆ ಓದುತ್ತವೆ. ಲೆಕ್ಕ ಹಂಚುವ ಹಳೆಯ ವ್ಯವಸ್ಥೆ ಹಡೂಪ್ ಮ್ಯಾಪ್‌ರೆಡ್ಯೂಸ್ ಪ್ರತಿ ಸುತ್ತಿನ ಕೊನೆಗೂ ಡಿಸ್ಕ್‌ಗೆ ಬರೆದು, ಮುಂದಿನ ಸುತ್ತಿನಲ್ಲಿ ಮತ್ತೆ ಓದುತ್ತಿತ್ತು. ಸ್ಪಾರ್ಕ್ ಮೆಮೊರಿಯಲ್ಲೇ ಇಟ್ಟುಕೊಳ್ಳಬಲ್ಲದು. ಹೊಸದಾಗಿ ಶುರು ಮಾಡುವವರು ಮ್ಯಾಪ್‌ರೆಡ್ಯೂಸ್ ಕಡೆ ನೋಡುವ ಅಗತ್ಯವೇ ಇಲ್ಲ, ಆಫೀಸಿನಲ್ಲಿ ಈಗಾಗಲೇ ಓಡುತ್ತಿದ್ದರೆ ಮಾತ್ರ ಬೇರೆ ಮಾತು.

ಅಸೋಸಿಯೇಶನ್ ರೂಲ್ ಬೇಕಿದ್ದರೆ ಸ್ಪಾರ್ಕ್‌ಗೆ ಸಮ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. 1994ರ ಅಪ್ರಿಯೋರಿ ಅಲ್ಗಾರಿದಂ ಒಂದರ ಗುಂಪು, ಎರಡರ ಗುಂಪು, ಮೂರರ ಗುಂಪು ಅಂತ ಪ್ರತಿ ಹಂತಕ್ಕೂ ಇಡೀ ಡೇಟಾ ಓದುತ್ತದೆ. 2000ದಲ್ಲಿ ಬಂದ ಎಫ್‌ಪಿ-ಗ್ರೋತ್ ಎರಡೇ ಬಾರಿ ಓದಿ ಮರದ ರೂಪದಲ್ಲಿ ಕುಗ್ಗಿಸಿಕೊಳ್ಳುತ್ತದೆ. 2008ರಲ್ಲಿ ಗೂಗಲ್‌ನ ಸಂಶೋಧಕರು ಇದನ್ನು ಸಮಾನಾಂತರವಾಗಿ ಓಡಿಸುವ ದಾರಿ ತೋರಿಸಿದರು. ಮೌಲ್ಯಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೆ ಸಂಬಂಧಿಸಿದ ಸಾಲಿನ ತುಣುಕುಗಳನ್ನು ಒಂದೊಂದು ಯಂತ್ರಕ್ಕೆ ಕಳಿಸಿದರೆ, ಆಮೇಲೆ ಯಂತ್ರಗಳು ಒಂದನ್ನೊಂದು ಕೇಳದೆ ಕೆಲಸ ಮುಗಿಸುತ್ತವೆ. ಸ್ಪಾರ್ಕ್‌ನ ಎಂಎಲ್‌ಲಿಬ್ ಲೈಬ್ರರಿಯಲ್ಲಿರುವ ಎಫ್‌ಪಿ-ಗ್ರೋತ್ ಇದೇ.

ಬಳಸುವಾಗ ಎರಡು ಕಡೆ ಗಮನ ಇರಲಿ. ಒಂದು, ಪ್ರತಿ ಮೌಲ್ಯದ ಮುಂದೆ ಕಾಲಂ ಹೆಸರು ಅಂಟಿಸಿ. ವೆಂಡರ್ 1 ಮತ್ತು ಪ್ರಯಾಣಿಕರ ಸಂಖ್ಯೆ 1 ಎರಡನ್ನೂ ಬರೀ 1 ಅಂತ ಕೊಟ್ಟರೆ, ಒಂದೇ ಸಾಲಿನಲ್ಲಿ ಒಂದೇ ಮೌಲ್ಯ ಎರಡು ಸಲ ಬಂತು ಅಂತ ಸ್ಪಾರ್ಕ್ ಕೆಲಸ ನಿಲ್ಲಿಸಿಬಿಡುತ್ತದೆ. ಎರಡು, ಕನಿಷ್ಠ ಸಪೋರ್ಟ್ ತಾನಾಗಿ 0.3 ಇರುತ್ತದೆ. ಅಂದರೆ ಶೇ 30 ಸಾಲುಗಳಲ್ಲಾದರೂ ಕಾಣಿಸದ ಜೋಡಿಗಳು ಮಾಯ. ವಿಮಾನ ನಿಲ್ದಾಣದ ಸವಾರಿಗಳು ಅದಕ್ಕಿಂತ ತೀರ ಕಡಿಮೆ. ಹಾಗಾಗಿ ಆ 52 ಡಾಲರ್ ನಿಯಮ ನಿಮಗೆ ಕಾಣಿಸುವುದೇ ಇಲ್ಲ. 0.01 ಅಥವಾ ಇನ್ನೂ ಕೆಳಗೆ ಇಳಿಸಬೇಕು. ಇಳಿಸಿದಷ್ಟೂ ಮೆಮೊರಿ ಜಾಸ್ತಿ ಬೇಕು, ನಿಯಮಗಳ ಪಟ್ಟಿಯೂ ಬೆಳೆಯುತ್ತದೆ. ಆಗ ಕಾನ್ಫಿಡೆನ್ಸ್ (ಎಡಗಡೆಯದು ಇದ್ದಾಗ ಬಲಗಡೆಯದೂ ಎಷ್ಟು ಸಲ ಬರುತ್ತದೆ) ಒಂದನ್ನೇ ನೋಡದೆ ಲಿಫ್ಟ್ (ಅದು ಸಾಮಾನ್ಯವಾಗಿ ಬರುವುದಕ್ಕಿಂತ ಎಷ್ಟು ಪಟ್ಟು) ಕೂಡ ನೋಡಿ. ಬಲಗಡೆಯ ಮೌಲ್ಯ ಹೇಗೂ ಎಲ್ಲ ಕಡೆ ಇರುವಂಥದ್ದಾದರೆ ಲಿಫ್ಟ್ 1ರ ಹತ್ತಿರ ನಿಲ್ಲುತ್ತದೆ. ಅಂಥ ನಿಯಮದಿಂದ ಹೊಸದೇನೂ ತಿಳಿಯುವುದಿಲ್ಲ.

ಇನ್‌ಕ್ಲೂಷನ್ ಡಿಪೆಂಡೆನ್ಸಿಗೂ ಹಂಚಿದ ಲೆಕ್ಕ ಸೊಗಸಾಗಿ ಹೊಂದುತ್ತದೆ. 2015ರಲ್ಲಿ ಪಾಟ್ಸ್‌ಡ್ಯಾಮ್‌ನವರು ಪ್ರಕಟಿಸಿದ ಸಿಂಡಿ ಅನ್ನುವ ವಿಧಾನ ಹೀಗಿದೆ. ಪ್ರತಿ ಮೌಲ್ಯದ ಜೊತೆ ಅದು ಯಾವ ಕಾಲಂನದು ಅಂತ ಬರೆಯಿರಿ. ಮೌಲ್ಯದ ಪ್ರಕಾರ ಗುಂಪು ಮಾಡಿ. ಈಗ ಪ್ರತಿ ಮೌಲ್ಯಕ್ಕೆ ಅದು ಕಾಣಿಸಿದ ಕಾಲಂಗಳ ಪಟ್ಟಿ ಸಿಗುತ್ತದೆ. ಒಂದು ಕಾಲಂ ಹಿಡಿದು, ಅದು ಬಂದ ಎಲ್ಲ ಪಟ್ಟಿಗಳಲ್ಲೂ ಸಮಾನವಾಗಿ ಉಳಿದವು ಯಾವುವು ನೋಡಿ. ಅವುಗಳೊಳಗೆ ಈ ಕಾಲಂ ಪೂರ್ತಿ ಅಡಗಿದೆ. ನೂರಾರು ಟೇಬಲ್, ಸಾವಿರಾರು ಕಾಲಂ ಇದ್ದರೂ ಜೋಡಿಜೋಡಿಯಾಗಿ ಜಾಯಿನ್ ಮಾಡುವ ಕಷ್ಟ ಇಲ್ಲ. ಸಿಂಡಿ ಮೂಲದಲ್ಲಿ ಸ್ಪಾರ್ಕ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಫ್ಲಿಂಕ್ ಮೇಲೆ ಬರೆದದ್ದು. ಸ್ಪಾರ್ಕ್‌ನಲ್ಲಿ ಕೆಲವೇ ಸಾಲಿನ ಕೋಡ್‌ನಲ್ಲಿ ಬರೆಯಬಹುದು. ಇದಕ್ಕಾಗಿಯೇ ಫ್ಲಿಂಕ್ ಕಲಿಯುವುದು ಬೇಡ ಅನ್ನುತ್ತೇನೆ. ಹರಿಯುವ ಡೇಟಾಗೆ ನಿಮ್ಮ ತಂಡ ಅದನ್ನು ಈಗಾಗಲೇ ಬಳಸುತ್ತಿದ್ದರೆ ಸರಿ.

ಸಿಕ್ಕಿದ್ದನ್ನೆಲ್ಲ ನಂಬಬೇಡಿ. ಟ್ಯಾಕ್ಸಿಯ ದರದ ಕೋಡ್ 1ರಿಂದ 6 ಮತ್ತು 99. ವಲಯದ ಸಂಖ್ಯೆ 1ರಿಂದ 265. ದರದ ಕೋಡ್ ಎಲ್ಲವೂ ವಲಯ ಪಟ್ಟಿಯೊಳಗೆ ಬಂದುಬಿಡುತ್ತವೆ, ಆದರೆ ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಚಿಕ್ಕ ಸಂಖ್ಯೆಗಳ ಕಾಲಂ ಇದ್ದಲ್ಲೆಲ್ಲ ಹೀಗಾಗುತ್ತದೆ.

ಕೋರಿಲೇಶನ್‌ಗೆ ಸ್ಪಾರ್ಕ್‌ನಲ್ಲಿ ಪಿಯರ್ಸನ್, ಸ್ಪಿಯರ್‌ಮನ್ ಎರಡೂ ಇವೆ. ಟ್ಯಾಕ್ಸಿ ಡೇಟಾದಲ್ಲಿ ಸಾವಿರಾರು ಮೈಲಿ ದೂರದ ಸವಾರಿಗಳು, ಮೈನಸ್ ಬಾಡಿಗೆಗಳು ಅಲ್ಲಲ್ಲಿ ಇವೆ. ಇಂಥ ಕೆಲವೇ ಸಾಲುಗಳು ಪಿಯರ್ಸನ್ ಉತ್ತರವನ್ನು ಕೆಡಿಸಿಬಿಡುತ್ತವೆ. ಸ್ಪಿಯರ್‌ಮನ್ ಸ್ಥಾನ ಮಾತ್ರ ನೋಡುವುದರಿಂದ ಅಲುಗಾಡುವುದಿಲ್ಲ, ಆದರೆ ಆಗಲೇ ಹೇಳಿದಂತೆ ಶಫಲ್ ಖರ್ಚು ದೊಡ್ಡದು. ನನಗೆ ಸರಿ ಅನ್ನಿಸುವ ಮಧ್ಯದ ದಾರಿ: ಮೊದಲು ಅಸಾಧ್ಯ ಸಾಲುಗಳನ್ನು ಸೋಸಿ, ಎಲ್ಲ ಜೋಡಿಗೂ ಪಿಯರ್ಸನ್ ನೋಡಿ, ಆಮೇಲೆ ಕೆಲವು ಲಕ್ಷ ಸಾಲಿನ ಮಾದರಿ ತೆಗೆದು ಅದರ ಮೇಲೆ ಸ್ಪಿಯರ್‌ಮನ್ ನೋಡಿ. ಕೋರಿಲೇಶನ್‌ಗೆ ಮಾದರಿ ಸಾಕು, ಇಡೀ ಡೇಟಾ ಬೇಕಿಲ್ಲ.

ಮಾದರಿ ಎಲ್ಲಿ ಸಾಕು, ಎಲ್ಲಿ ಸಾಲದು

ಖಚಿತತೆಯ ಪ್ರಶ್ನೆಗೆ ಬಂದೆವು. ಫಂಕ್ಷನಲ್ ಡಿಪೆಂಡೆನ್ಸಿಯ ವಿಷಯದಲ್ಲಿ ಮಾದರಿಗೆ ಒಂದೇ ಕಡೆಯ ಶಕ್ತಿ ಇದೆ. ಹತ್ತು ಸಾವಿರ ಸಾಲಿನಲ್ಲಿ ನಿಯಮ ಮುರಿದಿದ್ದು ಕಂಡರೆ ಇಡೀ ಡೇಟಾದಲ್ಲೂ ಮುರಿದಿದೆ. ಕಾಣದಿದ್ದರೆ ಏನೂ ಹೇಳುವಂತಿಲ್ಲ. ಯಂತ್ರಗಳಿಗೆ ಹಂಚಿದಾಗಲೂ ಇದೇ. ಪ್ರತಿ ಯಂತ್ರದ ಪಾಲಿನಲ್ಲೂ ನಿಯಮ ನಿಂತಿದ್ದರೂ ಒಟ್ಟಿಗೆ ಸೇರಿಸಿದಾಗ ಮುರಿಯಬಹುದು. ಕರೋನಾ 56 ಒಂದು ಯಂತ್ರದಲ್ಲಿ, 57 ಇನ್ನೊಂದರಲ್ಲಿ ಇದ್ದರೆ ಇಬ್ಬರಿಗೂ ಎಲ್ಲ ಸರಿ ಇದ್ದ ಹಾಗೆಯೇ ಕಾಣುತ್ತದೆ. ಆದ್ದರಿಂದ ತಳ್ಳಿಹಾಕುವುದು ಅಗ್ಗ, ಒಪ್ಪಿಕೊಳ್ಳುವುದು ದುಬಾರಿ. ಒಪ್ಪಿಕೊಳ್ಳಲು ಶಫಲ್ ಬೇಕೇ ಬೇಕು.

ಅಸೋಸಿಯೇಶನ್ ರೂಲ್‌ನಲ್ಲಿ ಇದು ಬೇರೆ ರೀತಿ. ಇಡೀ ಡೇಟಾದಲ್ಲಿ ಪದೇಪದೇ ಬರುವ ಜೋಡಿ ಒಂದಾದರೂ ಪಾಲಿನಲ್ಲಿ ಅದೇ ಪ್ರಮಾಣದಲ್ಲಿ ಬಂದಿರಲೇಬೇಕು. ಹಾಗಾಗಿ ಮೊದಲ ಸುತ್ತಿನಲ್ಲಿ ಎಲ್ಲ ಯಂತ್ರಗಳಿಂದ ಪಟ್ಟಿ ತರಿಸಿ, ಎರಡನೆಯ ಸುತ್ತಿನಲ್ಲಿ ನಿಜವಾದ ಎಣಿಕೆ ಮಾಡಿದರೆ ಒಂದೂ ತಪ್ಪಿಹೋಗುವುದಿಲ್ಲ. 1995ರಲ್ಲೇ ಇದು ಗೊತ್ತಾಗಿತ್ತು.

ಬೇರೆಬೇರೆ ಮೌಲ್ಯಗಳ ಅಂದಾಜು ಎಣಿಕೆಗೆ ಹೈಪರ್‌ಲಾಗ್‌ಲಾಗ್ ಅನ್ನುವ ವಿಧಾನ ಇದೆ. ಅತಿ ಕಡಿಮೆ ಮೆಮೊರಿ, ಯಂತ್ರಗಳ ಉತ್ತರ ಕೂಡಿಸುವುದು ಸುಲಭ. ಆದರೆ ಸ್ಪಾರ್ಕ್‌ನಲ್ಲಿ ಅದರ ತಾನಾಗಿ ಬರುವ ದೋಷದ ಮಟ್ಟ ಶೇ 5. 265 ಮತ್ತು 266ರ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ. ಎಣಿಕೆಗಳು ದೂರದೂರ ಇದ್ದಾಗ ತಳ್ಳಿಹಾಕಲು ಬಳಸಿ, ಹತ್ತಿರ ಬಂದವನ್ನು ಮಾತ್ರ ಖಚಿತವಾಗಿ ಎಣಿಸಿ.

ಡಾಸ್ಕ್ ಮತ್ತು ಕ್ಲೌಡ್ ವೇರ್‌ಹೌಸ್

ಡಾಸ್ಕ್‌ನ ಹೆಚ್ಚುಗಾರಿಕೆ ಅಂದರೆ ಪೈಥಾನ್‌ನ ಟೇಬಲ್ ಲೈಬ್ರರಿ ಪಾಂಡಾಸ್ ಗೊತ್ತಿದ್ದವರಿಗೆ ಅದು ಹೊಸದು ಅನ್ನಿಸುವುದಿಲ್ಲ. ಸ್ಪಾರ್ಕ್‌ಗೆ ಬೇಕಾಗುವ ಜಾವಾ ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ನಿಮ್ಮದೇ ಪೈಥಾನ್ ಕೋಡ್ ಅನ್ನು ಹಲವು ಯಂತ್ರಗಳಲ್ಲಿ ಓಡಿಸಬೇಕು ಅಂದರೆ, ಉದಾಹರಣೆಗೆ ಪ್ರತಿ ಜೋಡಿ ಕಾಲಂಗೆ ಮ್ಯೂಚುವಲ್ ಇನ್ಫರ್ಮೇಶನ್ (ಒಂದು ಕಾಲಂ ಇನ್ನೊಂದರ ಬಗ್ಗೆ ಎಷ್ಟು ತಿಳಿಸುತ್ತದೆ ಅನ್ನುವ ಅಳತೆ) ಲೆಕ್ಕ ಹಾಕಬೇಕು ಅಂದರೆ, ಇದು ಬಹಳ ಹಿತ. ಅಲ್ಲಿ ಪ್ರತಿ ಜೋಡಿಯೂ ಸ್ವತಂತ್ರ ಕೆಲಸ. ಆದರೆ ಅದರ ಡೇಟಾಫ್ರೇಮ್ ಕೋರಿಲೇಶನ್‌ನಲ್ಲಿ ಪಿಯರ್ಸನ್ ಮಾತ್ರ ಇದೆ. ಅಸೋಸಿಯೇಶನ್ ರೂಲ್‌ಗೆ ಸಿದ್ಧ ಅಲ್ಗಾರಿದಂ ಇಲ್ಲ, ನೀವೇ ಬರೆಯಬೇಕು. ದೊಡ್ಡ ಶಫಲ್ ಜಾಸ್ತಿ ಇರುವ ಕೆಲಸಕ್ಕೆ ನಾನು ಸ್ಪಾರ್ಕ್ ಕಡೆಗೇ ಒಲವು ತೋರಿಸುತ್ತೇನೆ.

ಗೂಗಲ್‌ನ ಬಿಗ್‌ಕ್ವೆರಿಯಂಥ ವೇರ್‌ಹೌಸ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿರುವ ಡೇಟಾ ಉಗ್ರಾಣದಲ್ಲಿ, ಯಂತ್ರದ ತಲೆನೋವು ಇಲ್ಲ. ಎಸ್‌ಕ್ಯೂಎಲ್ ಬರೆದರೆ ಸಾಕು. ಕೋರಿಲೇಶನ್, ಅಂದಾಜು ಎಣಿಕೆ ಎರಡಕ್ಕೂ ಫಂಕ್ಷನ್ ಇದೆ. ಬಳಸಿದಷ್ಟಕ್ಕೆ ಹಣ ಕೊಡುವ ಯೋಜನೆಯಲ್ಲಿ ತಿಂಗಳಿಗೆ ಮೊದಲ 1 ಟೆಬಿಬೈಟ್ ಓದು ಉಚಿತ. ಬಿಲ್ ಬೀಳುವುದು ಓದಿದ ಕಾಲಂಗಳ ಗಾತ್ರಕ್ಕೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಜೋಡಿಗೂ ಬೇರೆ ಕ್ವೆರಿ ಬರೆದರೆ ಅದೇ ಕಾಲಂಗೆ ಪದೇಪದೇ ದುಡ್ಡು ಹೋಗುತ್ತದೆ. ನೂರು ಜೋಡಿಯನ್ನು ಒಂದೇ ಕ್ವೆರಿಯಲ್ಲಿ ಬರೆದರೆ ಪ್ರತಿ ಕಾಲಂಗೆ ಒಮ್ಮೆ ಮಾತ್ರ. ಇಷ್ಟೇ ಸಾಲು ಸಾಕು ಅಂತ ಲಿಮಿಟ್ ಹಾಕಿದರೆ ಖರ್ಚು ಇಳಿಯುತ್ತದೆ ಅಂತ ಹಲವರು ನಂಬಿದ್ದಾರೆ, ಸಾಮಾನ್ಯ ಟೇಬಲ್‌ನಲ್ಲಿ ಇಳಿಯುವುದಿಲ್ಲ.

ನಿಮ್ಮ ಪರಿಸ್ಥಿತಿ ಯಾವುದು

ವಿದ್ಯಾರ್ಥಿಯಾಗಿದ್ದು ಪ್ರಾಜೆಕ್ಟ್ ಮಾಡುತ್ತಿದ್ದೀರಾ? ಡಕ್‌ಡಿಬಿ ಮತ್ತು ಡೆಸ್ಬೋರ್ಡಾಂಟೆ ಹಾಕಿಕೊಳ್ಳಿ, ಖರ್ಚು ಸೊನ್ನೆ. ಸ್ಪಾರ್ಕ್ ಕಲಿಯುವ ಆಸೆ ಇದ್ದರೆ ಅದನ್ನೂ ಲ್ಯಾಪ್‌ಟಾಪಿನಲ್ಲೇ ಲೋಕಲ್ ಮೋಡ್‌ನಲ್ಲಿ ಓಡಿಸಬಹುದು. ಕಲಿಕೆಗೆ ಅದು ಒಳ್ಳೆಯದು. ವೇಗಕ್ಕಾಗಿ ಅದನ್ನು ಆರಿಸಬೇಡಿ, ಒಂದೇ ಯಂತ್ರದಲ್ಲಿ ಡಕ್‌ಡಿಬಿ ಸಾಮಾನ್ಯವಾಗಿ ಮುಂದಿರುತ್ತದೆ.

ಇಬ್ಬರು ಮೂವರ ಚಿಕ್ಕ ಕಂಪನಿ, ಡೇಟಾ ಹತ್ತಾರು ಜಿಬಿ? ಕ್ಲಸ್ಟರ್ ಬೇಡ. ಮೆಮೊರಿ ಜಾಸ್ತಿ ಇರುವ ಒಂದು ಯಂತ್ರವನ್ನು ಕ್ಲೌಡ್‌ನಲ್ಲಿ ಕೆಲವು ಗಂಟೆ ಬಾಡಿಗೆಗೆ ಹಿಡಿದು, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಡೇಟಾ ಆಗಲೇ ವೇರ್‌ಹೌಸ್‌ನಲ್ಲಿದ್ದರೆ ಅಲ್ಲೇ ಎಸ್‌ಕ್ಯೂಎಲ್ ಬರೆಯಿರಿ, ಹೊರಗೆ ಎಳೆದರೆ ಅದಕ್ಕೂ ಬಿಲ್ ಬರುತ್ತದೆ.

ಸಾಲುಗಳು ನೂರಾರು ಕೋಟಿ, ಕಾಲಂ ಇಪ್ಪತ್ತು ಮೂವತ್ತು, ಬೇಕಿರುವುದು ಅಸೋಸಿಯೇಶನ್ ರೂಲ್ ಅಥವಾ ಟೇಬಲ್‌ಗಳ ಜೋಡಣೆ? ಸ್ಪಾರ್ಕ್ ತೆಗೆದುಕೊಳ್ಳಿ, ಹಾಕಿದ ದುಡ್ಡು ದಕ್ಕುತ್ತದೆ.

ಕಾಲಂ ನೂರಾರು, ಬೇಕಿರುವುದು ಫಂಕ್ಷನಲ್ ಡಿಪೆಂಡೆನ್ಸಿ? ಇಲ್ಲಿ ಯಾವ ಟೂಲ್ ಕೂಡ ನಿಮ್ಮನ್ನು ತಾನೇ ಕಾಪಾಡುವುದಿಲ್ಲ. ಕಾಲಂಗಳನ್ನು ವಿಷಯದ ಪ್ರಕಾರ ಚಿಕ್ಕ ಗುಂಪು ಮಾಡಿ, ಎಡಗಡೆ ಎರಡು ಮೂರಕ್ಕೆ ಮಿತಿ ಹಾಕಿ, ಮಾದರಿಯ ಮೇಲೆ ಹೈಎಫ್‌ಡಿ ಓಡಿಸಿ, ಉಳಿದುಕೊಂಡವನ್ನು ಮಾತ್ರ ಸ್ಪಾರ್ಕ್‌ನಲ್ಲಿ ಇಡೀ ಡೇಟಾ ಮೇಲೆ ಎಣಿಸಿ ಖಚಿತ ಮಾಡಿಕೊಳ್ಳಿ. ವಾಟರ್‌ಲೂ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಡಿಪೆಂಡೆನ್ಸಿ ಹುಡುಕುವ ಅಲ್ಗಾರಿದಂಗಳನ್ನು ಸ್ಪಾರ್ಕ್ ಮೇಲೆ ಹಂಚುವ ಬಗ್ಗೆ ಕೆಲಸ ಪ್ರಕಟಿಸಿತು. ಒಂದೇ ಯಂತ್ರಕ್ಕೆ ಬರೆದದ್ದನ್ನು ಹಾಗೇ ಹಂಚಿದರೆ ಸಾಲದು, ಲೆಕ್ಕದ ಖರ್ಚಿನ ಜೊತೆ ಸಾಗಣೆಯ ಖರ್ಚನ್ನೂ ನೋಡಬೇಕು ಅನ್ನುವುದು ಅಲ್ಲಿಂದ ಕಲಿಯಬೇಕಾದ ವಿಷಯ.

ಕೊನೆಗೆ ಯಾವ ಟೂಲ್ ಆರಿಸಿದರೂ, ಸಿಕ್ಕ ನಿಯಮವನ್ನು ಡೇಟಾದ ವಿವರಣೆಯ ಜೊತೆ ಇಟ್ಟು ನೋಡುವ ಸಮಯವನ್ನು ಬಜೆಟ್‌ನಲ್ಲಿ ಸೇರಿಸಿ. ಟ್ಯಾಕ್ಸಿ ಡೇಟಾದಲ್ಲಿ "ನಗದು ಕೊಟ್ಟರೆ ಟಿಪ್ಸ್ ಸೊನ್ನೆ" ಅನ್ನುವ ನಿಯಮ ಅತಿ ಗಟ್ಟಿಯಾಗಿ ಬರುತ್ತದೆ. ಸ್ಪಾರ್ಕ್ ಕೊಟ್ಟರೂ ಅದೇ, ಲ್ಯಾಪ್‌ಟಾಪ್ ಕೊಟ್ಟರೂ ಅದೇ. ಆಯೋಗದ ವಿವರಣೆ ಓದಿದರೆ ಗೊತ್ತಾಗುತ್ತದೆ, ಆ ಕಾಲಂನಲ್ಲಿ ಕಾರ್ಡ್‌ನಿಂದ ಕೊಟ್ಟ ಟಿಪ್ಸ್ ಮಾತ್ರ ದಾಖಲಾಗುತ್ತದೆ, ನಗದು ಟಿಪ್ಸ್ ಸೇರುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಒಂದು ವಾರ ಇಟ್ಟುಕೊಂಡಿದ್ದರೆ, ಅದರಲ್ಲಿ ಎರಡು ದಿನವನ್ನಾದರೂ ಆ ಡೇಟಾ ತುಂಬುವವರ ಜೊತೆ ಕೂತು ಮಾತಾಡಲು ಬಿಡಿ.